ಬಿಸಿಲಿಗಿಟ್ಟ ಬಣ್ಣದ ನೀರು ತಿಳಿಯಾದರೆ ಶುದ್ಧವಾಯಿತೇ?

ಪ್ರಶ್ನೆ: ನಮ್ಮದು ರಬಕವಿ-ಬನಹಟ್ಟಿ ಭಾಗದಲ್ಲಿ ಹತ್ತಿ ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕ. ಹೆಚ್ಚಾಗಿ ಬಳಸುವುದು ರಿಯಾಕ್ಟಿವ್ ಬಣ್ಣ (ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ). ದಿನಕ್ಕೆ ಸುಮಾರು 10,000 ಲೀಟರ್ ನೀರು ಹೊರಬೀಳುತ್ತದೆ. ಹೋದ ಸಲದ ಪರೀಕ್ಷಾ ವರದಿಯಲ್ಲಿ ಅದರ ಸಿಒಡಿ (ನೀರಿನ ಕಲ್ಮಶವನ್ನು ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 1,000 ಮಿಲಿಗ್ರಾಂ ಆಸುಪಾಸು ಇತ್ತು. ಇತ್ತೀಚೆಗೆ ಮಾರಾಟಗಾರರೊಬ್ಬರು ಬಂದು, ಗಾಜಿನ ಪಾತ್ರೆಯಲ್ಲಿದ್ದ ನೀಲಿ ನೀರಿಗೆ ಚಿಟಿಕೆ ಬಿಳಿ ಪುಡಿ ಹಾಕಿ ಬಿಸಿಲಿಗಿಟ್ಟರು. ಎರಡು ತಾಸಿನಲ್ಲಿ ನೀರು ತಿಳಿಯಾಯಿತು. ಇದು ನ್ಯಾನೋ ಫೋಟೊಕೆಟಲಿಸ್ಟ್ (ಬೆಳಕಿನಲ್ಲಿ ಕೆಲಸ ಮಾಡುವ ವೇಗವರ್ಧಕ), ಕರೆಂಟ್ ಬೇಡ, ಗಸಿ ಬರುವುದಿಲ್ಲ, ಮಾಳಿಗೆಯ ಮೇಲೆ ತೊಟ್ಟಿ ಕಟ್ಟಿಸಿದರೆ ಸಾಕು ಎನ್ನುತ್ತಾರೆ. ನಮ್ಮ ಮಾಳಿಗೆ 30 ಅಡಿಗೆ 40 ಅಡಿ ಇದೆ. ಎಂ.ಎಸ್ಸಿ. ಓದುತ್ತಿರುವ ಮಗಳು ಇದರ ಬಗ್ಗೆ ಸಾವಿರಾರು ಸಂಶೋಧನಾ ಲೇಖನಗಳಿವೆ ಎನ್ನುತ್ತಾಳೆ. ಹಾಕಿಸಬಹುದೇ?

ಉತ್ತರ: ಮೊದಲಿಗೇ ಹೇಳಿಬಿಡುತ್ತೇನೆ: ನಿಮ್ಮ ಘಟಕದ ಮುಖ್ಯ ಶುದ್ಧೀಕರಣ ವ್ಯವಸ್ಥೆಯಾಗಿ ಇದನ್ನು ಹಾಕಿಸಬೇಡಿ. ಹಾಗೆಂದು ನೀವು ಕಂಡದ್ದು ಕಣ್ಕಟ್ಟು ಎಂದು ನಾನು ಹೇಳುತ್ತಿಲ್ಲ. ಅದರ ಹಿಂದಿನ ರಸಾಯನಶಾಸ್ತ್ರ ನಿಜವಾದದ್ದು, ಅರ್ಧ ಶತಮಾನದ ಅಧ್ಯಯನದಿಂದ ಗಟ್ಟಿಯಾದದ್ದು. ಪುಡಿ ಒಳ್ಳೆಯದೇ ಇರಬಹುದು. ಸಾಲದಿರುವುದು ನಿಮ್ಮ ಮಾಳಿಗೆಯ ಮೇಲೆ ಬೀಳುವ ಬೆಳಕು. ಆ ಲೆಕ್ಕವನ್ನು ಮಾರಾಟಗಾರರು ನಿಮಗೆ ಹೇಳಿಲ್ಲ, ಮಗಳು ಓದುವ ಲೇಖನಗಳಲ್ಲಿಯೂ ಅದು ಸಿಗುವುದು ಅಪರೂಪ.

ಆ ಬಿಳಿ ಪುಡಿ ಬಹುಮಟ್ಟಿಗೆ ಟೈಟಾನಿಯಂ ಡೈಆಕ್ಸೈಡ್ ಆಗಿರುತ್ತದೆ. ಗೋಡೆಗೆ ಬಳಿಯುವ ಬಿಳಿ ಬಣ್ಣಕ್ಕೂ ಹಲ್ಲುಜ್ಜುವ ಪೇಸ್ಟಿಗೂ ಬಿಳುಪು ಕೊಡುವ ವಸ್ತು ಅದೇ. ಅದು ಅರೆವಾಹಕ. ಸಾಕಷ್ಟು ಶಕ್ತಿಯುಳ್ಳ ಬೆಳಕಿನ ಕಣವೊಂದು ಅದಕ್ಕೆ ತಾಗಿದಾಗ ಅದರೊಳಗಿನ ಒಂದು ಎಲೆಕ್ಟ್ರಾನ್ ತನ್ನ ನೆಲೆಯಿಂದ ಮೇಲಕ್ಕೆ ಜಿಗಿಯುತ್ತದೆ, ಅದು ಬಿಟ್ಟುಹೋದ ಜಾಗದಲ್ಲಿ ಧನಾವೇಶದ ಒಂದು ಖಾಲಿ ಉಳಿಯುತ್ತದೆ. ಆ ಖಾಲಿಯು ಕಣದ ಮೈಗೆ ಅಂಟಿದ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅತ್ಯಂತ ಚುರುಕಾದ ತುಣುಕನ್ನು ಹುಟ್ಟಿಸುತ್ತದೆ. ಜಿಗಿದ ಎಲೆಕ್ಟ್ರಾನ್ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಸೇರುತ್ತದೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನ ಉತ್ಕರ್ಷಣ ವಿಭವ (ಎಲೆಕ್ಟ್ರಾನ್ ಕಿತ್ತುಕೊಳ್ಳುವ ಬಲದ ಅಳತೆ) ಸುಮಾರು 2.8 ವೋಲ್ಟ್, ಓಝೋನಿನದು 2.07, ಕ್ಲೋರಿನ್ನಿನದು 1.36. ಆದ್ದರಿಂದಲೇ ಅದು ಬಣ್ಣದ ಅಣುವನ್ನು ಎಲ್ಲಿ ಬೇಕಾದರೂ ಕಡಿಯಬಲ್ಲದು, ಸಮಯ ಮತ್ತು ಬೆಳಕು ಸಾಕಷ್ಟು ಸಿಕ್ಕರೆ ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನವರೆಗೆ ಒಯ್ಯಬಲ್ಲದು. ಪುಡಿ ಮಾತ್ರ ಖರ್ಚಾಗುವುದಿಲ್ಲ. ಇಷ್ಟರ ಮಟ್ಟಿಗೆ ಮಾರಾಟಗಾರರ ಮಾತು ಸರಿ. ಆದರೆ ಹೀಗೆ ಹುಟ್ಟಿದ ಎಲೆಕ್ಟ್ರಾನ್-ಖಾಲಿ ಜೋಡಿಗಳಲ್ಲಿ ಬಹುಪಾಲು ಯಾವ ಕೆಲಸವನ್ನೂ ಮಾಡದೆ ಮರಳಿ ಒಂದಾಗಿ, ಬರೀ ಶಾಖವಾಗಿ ಹೋಗುತ್ತವೆ. ರ‍್ಯಾಡಿಕಲ್‌ನ ಆಯುಷ್ಯವಂತೂ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಆಸುಪಾಸಿನದು. ಹೀಗಾಗಿ ಕಣದ ಮೈಗೆ ತೀರ ಹತ್ತಿರವಿರುವುದು ಮಾತ್ರ ಅದರ ಕೈಗೆ ಸಿಗುತ್ತದೆ.

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಟೈಟಾನಿಯಂ ಡೈಆಕ್ಸೈಡಿನ ಎಲೆಕ್ಟ್ರೋಡಿನ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆದು ತೋರಿಸಿದರು. ಐದು ವರ್ಷಗಳ ಬಳಿಕ ಅಮೆರಿಕದ ಫ್ರ್ಯಾಂಕ್ ಮತ್ತು ಬಾರ್ಡ್ ಅದೇ ಪುಡಿಯಿಂದ ನೀರಿನ ಸಯನೈಡನ್ನು ಉತ್ಕರ್ಷಿಸಿದರು; ಮಾಲಿನ್ಯ ನಿವಾರಣೆಯ ಆಸೆ ಚಿಗುರಿದ್ದು ಆಗ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಇದರಲ್ಲಿ ಹೆಸರಿದೆ. ಕೆ. ಸಿ. ಪಾಟೀಲರು ಅಲ್ಲಿ ಬೆಳೆಸಿದ ದಹನ ಸಂಶ್ಲೇಷಣೆಯ (ಕಚ್ಚಾವಸ್ತುಗಳನ್ನು ಉರಿಸಿ ಪುಡಿ ತಯಾರಿಸುವ) ವಿಧಾನದಿಂದ ಎಂ. ಎಸ್. ಹೆಗಡೆ ಮತ್ತು ಗಿರಿಧರ ಮದ್ರಾಸ್ ಅವರ ತಂಡಗಳು ತೀರ ಸಣ್ಣ ಕಣಗಳ ಟೈಟಾನಿಯಂ ಡೈಆಕ್ಸೈಡ್ ತಯಾರಿಸಿ, ಬಣ್ಣಗಳನ್ನು ಒಡೆಯುವುದರಲ್ಲಿ ಅದು ಪೇಟೆಯಲ್ಲಿ ಸಿಗುವ ಹೆಸರಾಂತ ಪುಡಿಗಿಂತ ಚುರುಕಾಗಿದೆ ಎಂದು 2003ರ ಹೊತ್ತಿಗೆ ತೋರಿಸಿದವು. ಮಗಳು ಆಸಕ್ತಿಯಿಂದ ಓದಬೇಕಾದ ಕೆಲಸ ಅದು. ಆದರೆ ಪ್ರಯೋಗಾಲಯದಲ್ಲಿ ಎರಡು ಪುಡಿಗಳ ಪೈಕಿ ಯಾವುದು ಚುರುಕು ಎಂದು ತಿಳಿಯುವುದು ಬೇರೆ, 10,000 ಲೀಟರ್ ನೀರನ್ನು ಪ್ರತಿದಿನ ಹಸನು ಮಾಡುವುದು ಬೇರೆ.

ಈಗ ಬೆಳಕಿನ ಲೆಕ್ಕಕ್ಕೆ ಬರೋಣ. ಈ ಪುಡಿಯ ಅನಟೇಸ್ ಎಂಬ ರೂಪದಲ್ಲಿ ಎಲೆಕ್ಟ್ರಾನನ್ನು ಎಬ್ಬಿಸಲು 3.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅಂದರೆ 388 ನ್ಯಾನೋಮೀಟರಿಗಿಂತ ಕಿರಿದಾದ ಅಲೆಯ ಬೆಳಕು, ಕಣ್ಣಿಗೆ ಕಾಣದ ನೇರಳಾತೀತ, ಮಾತ್ರ ಅದಕ್ಕೆ ಉಪಯೋಗ. ನೆಲಕ್ಕೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಇದರ ಪಾಲು ನೂರಕ್ಕೆ ನಾಲ್ಕೈದು ಮಾತ್ರ. ನಿಮ್ಮ ಕಡೆ ಒಂದು ಚದರ ಮೀಟರಿಗೆ ದಿನಕ್ಕೆ ಐದೂವರೆ ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ ಎಂದು ಹಿಡಿದರೆ, ಅದರಲ್ಲಿ ಕೆಲಸಕ್ಕೆ ಬರುವುದು ಕಾಲು ಯೂನಿಟ್. ಅದನ್ನು ಬೆಳಕಿನ ಕಣಗಳಿಗೆ ಪರಿವರ್ತಿಸಿ, ಒಂದೊಂದು ಕಣಕ್ಕೆ ಒಂದು ಎಲೆಕ್ಟ್ರಾನಿನಂತೆ ಲೆಕ್ಕ ಹಾಕಿ, ಒಂದು ಕಣವೂ ವ್ಯರ್ಥವಾಗಲಿಲ್ಲ ಎಂದುಕೊಂಡರೂ, ಆ ಚದರ ಮೀಟರಿನಲ್ಲಿ ಇಡೀ ದಿನಕ್ಕೆ ತೆಗೆಯಬಹುದಾದ ಸಿಒಡಿ ಸುಮಾರು 22 ಗ್ರಾಂ. ವಾಸ್ತವದಲ್ಲಿ ನೂರು ಕಣಗಳಲ್ಲಿ ಐದು ಫಲ ಕೊಟ್ಟರೆ ಅದೇ ಒಳ್ಳೆಯ ಸಾಧನೆ. ಆಗ ಸಿಗುವುದು ಒಂದು ಗ್ರಾಮಿನಷ್ಟು.

ನಿಮ್ಮ ನೀರಿನಲ್ಲಿರುವ ಸಿಒಡಿ ದಿನಕ್ಕೆ 10 ಕಿಲೋ. ಜವಳಿ ಘಟಕಗಳಿಗೆ 2016ರಲ್ಲಿ ನಿಗದಿಯಾದ ಮಿತಿ ಲೀಟರಿಗೆ 250 ಮಿಲಿಗ್ರಾಂ ಆದ್ದರಿಂದ, ತೆಗೆಯಬೇಕಾದದ್ದು ಏಳೂವರೆ ಕಿಲೋ. ಚದರ ಮೀಟರಿಗೆ ಒಂದು ಗ್ರಾಮಿನಂತೆ ಇದಕ್ಕೆ ಬೇಕಾದ ಜಾಗ 7,500 ಚದರ ಮೀಟರ್, ಅಂದರೆ 74 ಗುಂಟೆ. ನಿಮ್ಮ ಮಾಳಿಗೆಯ ಅಳತೆ ಕೇವಲ 111 ಚದರ ಮೀಟರ್. ಜಗತ್ತಿನ ಯಾರೂ ಇನ್ನೂ ತಯಾರಿಸಿರದ, ಒಂದು ಕಣವನ್ನೂ ಪೋಲು ಮಾಡದ ಪುಡಿ ಸಿಕ್ಕರೂ ನಿಮಗೆ ಮೂರು ಮಾಳಿಗೆಗಳು ಬೇಕಾಗುತ್ತವೆ. ಇದು ಸ್ಥೂಲ ಲೆಕ್ಕ, ಒಪ್ಪುತ್ತೇನೆ. ಒಡೆದ ತುಣುಕುಗಳು ಗಾಳಿಯ ಆಮ್ಲಜನಕವನ್ನು ನೇರವಾಗಿ ಹಿಡಿದುಕೊಳ್ಳುವುದರಿಂದ ಸ್ವಲ್ಪ ನೆರವು ಸಿಗಬಹುದು. ಮೋಡ, ಧೂಳು, ನೀರಿನ ಬಣ್ಣವೇ ಬೆಳಕನ್ನು ತಡೆಯುವುದು ಇವೆಲ್ಲ ಅದನ್ನು ಮತ್ತೆ ಕಿತ್ತುಕೊಳ್ಳುತ್ತವೆ. ಹೇಗೆ ತಿರುಗಿಸಿದರೂ ಒಂದು ಮಾಳಿಗೆಗೆ ಇಳಿಯುವ ಲೆಕ್ಕ ಇದಲ್ಲ.

ನೇರಳಾತೀತ ದೀಪ ಹಾಕೋಣ ಎಂದು ಅವರು ಮುಂದೆ ಹೇಳಿಯಾರು. ಅದೇ ಏಳೂವರೆ ಕಿಲೋಗೆ, ಅದೇ ನೂರಕ್ಕೆ ಐದರ ಫಲದಲ್ಲಿ, 1,700 ಯೂನಿಟ್‌ನಷ್ಟು ಬೆಳಕು ಬೇಕು. ದೀಪಕ್ಕೆ ಹೋದ ವಿದ್ಯುತ್ತಿನಲ್ಲಿ ಅರ್ಧ ಬೆಳಕಾಯಿತೆಂದರೆ ದಿನದ ಬಳಕೆ 3,400 ಯೂನಿಟ್. ಸೂಕ್ಷ್ಮಜೀವಿಗಳು ತಿನ್ನಬಲ್ಲ ಕಶ್ಮಲವಾದರೆ, ಅಷ್ಟೇ ಸಿಒಡಿಯನ್ನು ಗಾಳಿಯೂದುವ ತೊಟ್ಟಿಯಲ್ಲಿ ತೆಗೆಯಲು ಹತ್ತಿಪ್ಪತ್ತು ಯೂನಿಟ್ ಸಾಕಾಗುತ್ತದೆ.

ಹಾಗಾದರೆ ಗಾಜಿನ ಪಾತ್ರೆಯಲ್ಲಿ ನೀರು ತಿಳಿಯಾದದ್ದು ಹೇಗೆ? ಅಂಥ ಪ್ರದರ್ಶನಗಳಲ್ಲಿ ಸಾಮಾನ್ಯವಾಗಿ ಬಳಸುವುದು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ, ಅದೂ ಲೀಟರಿಗೆ 10 ಮಿಲಿಗ್ರಾಮಿನಷ್ಟು. ನೂರು ಮಿಲಿಲೀಟರ್ ನೀರಿನಲ್ಲಿರುವ ಬಣ್ಣ ಒಂದೇ ಮಿಲಿಗ್ರಾಂ. ಅಂಗೈಯಗಲದ ಪಾತ್ರೆಯ ಮೇಲೆ ಎರಡು ತಾಸು ಬೀಳುವ ಬಿಸಿಲು ಅಷ್ಟರ ಬಣ್ಣ ಕೆಡಿಸಲು ಧಾರಾಳ ಸಾಕು; ಮೇಲಿನ ಲೆಕ್ಕಕ್ಕೆ ಅದು ಹೊಂದಿಕೊಳ್ಳುತ್ತದೆಯೇ ವಿನಾ ಅದನ್ನು ಸುಳ್ಳು ಮಾಡುವುದಿಲ್ಲ. ಇದರ ಜೊತೆಗೆ ಮೆಥಿಲೀನ್ ಬ್ಲೂಗೆ ಎರಡು ವಿಶೇಷ ಗುಣಗಳಿವೆ. ಎಲೆಕ್ಟ್ರಾನ್ ಸಿಕ್ಕಾಗ ಅದು ಒಡೆಯದೆಯೇ ಬಣ್ಣವಿಲ್ಲದ ರೂಪಕ್ಕೆ ತಿರುಗಬಲ್ಲದು, ಗಾಳಿ ತಾಗಿದರೆ ಮತ್ತೆ ನೀಲಿಯಾಗಬಲ್ಲದು. ನಿಮಗಿದು ಹೊಸದೇನಲ್ಲ: ಹೈಡ್ರೋಸ್ ಹಾಕಿದ ತೊಟ್ಟಿಯಲ್ಲಿ ನೀಲಿಯ ಬಣ್ಣ ಮಾಯವಾಗಿ, ಲಡಿಯನ್ನು ಗಾಳಿಗೆ ಹಿಡಿದಾಗ ಮರಳುವುದನ್ನು ನೋಡಿಯೇ ಇರುತ್ತೀರಿ. ಎರಡನೆಯದಾಗಿ, ಅದು ಕಣ್ಣಿಗೆ ಕಾಣುವ ಬೆಳಕನ್ನು ತಾನೇ ಹೀರಿ, ತನ್ನ ಎಲೆಕ್ಟ್ರಾನನ್ನು ಪುಡಿಗೆ ದಾಟಿಸಿ, ತನ್ನನ್ನು ತಾನೇ ಕೆಡಿಸಿಕೊಳ್ಳುತ್ತದೆ. ಆದ್ದರಿಂದ ಕಾಣುವ ಬೆಳಕಿನಲ್ಲಿ ಕೆಲಸ ಮಾಡುವ ಹೊಸ ಪುಡಿ ಎಂದು ಮೆಥಿಲೀನ್ ಬ್ಲೂ ಒಂದನ್ನೇ ನಂಬಿ ಸಾರುವ ಲೇಖನಗಳನ್ನು ಮಗಳು ಅನುಮಾನದಿಂದಲೇ ಓದುವುದು ಒಳ್ಳೆಯದು. ಆ ಸಾವಿರಾರು ಲೇಖನಗಳಲ್ಲಿ ಅಂಥವುಗಳ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ನೀರಿನ ಸ್ವಭಾವ ಪಾತ್ರೆಯ ನೀರಿನದಕ್ಕೆ ತದ್ವಿರುದ್ಧ. ಟೈಟಾನಿಯಂ ಡೈಆಕ್ಸೈಡಿನ ಮೈ ಪಿಎಚ್ 6 ಮತ್ತು 6.5ರ ನಡುವೆ ಆವೇಶರಹಿತ. ಅದಕ್ಕಿಂತ ಮೇಲೆ ಋಣಾವೇಶ ತಾಳುತ್ತದೆ. ಮೆಥಿಲೀನ್ ಬ್ಲೂ ಧನಾವೇಶದ ಬಣ್ಣವಾದ್ದರಿಂದ ಹೋಗಿ ಅಂಟಿಕೊಳ್ಳುತ್ತದೆ. ನೀವು ಬಳಸುವ ರಿಯಾಕ್ಟಿವ್ ಬಣ್ಣಗಳು ಸಲ್ಫೋನೇಟ್ ಗುಂಪುಗಳಿಂದಾಗಿ ಋಣಾವೇಶದವು, ಸೋಡಾ ಹಾಕಿದ ನಿಮ್ಮ ನೀರಿನ ಪಿಎಚ್ 10ರ ಮೇಲಿರುತ್ತದೆ. ಕಣವೂ ಬಣ್ಣವೂ ಒಂದನ್ನೊಂದು ದೂರ ತಳ್ಳುತ್ತವೆ. ಮೈಯ ಹತ್ತಿರ ಬಾರದ ಅಣುವನ್ನು, ಅಷ್ಟು ಅಲ್ಪಾಯುಷಿ ರ‍್ಯಾಡಿಕಲ್ ತಲುಪುವುದಾದರೂ ಹೇಗೆ? ಸೋಡಾದಿಂದ ಬಂದ ಕಾರ್ಬೊನೇಟ್, ಉಪ್ಪಿನಿಂದ ಬಂದ ಕ್ಲೋರೈಡ್ ಎರಡೂ ಆ ರ‍್ಯಾಡಿಕಲ್‌ಗಳನ್ನು ನಡುವೆಯೇ ಕಬಳಿಸುತ್ತವೆ. ಆಮ್ಲ ಹಾಕಿ ಪಿಎಚ್ ಇಳಿಸಬಹುದು, ಆದರೆ ಉಪ್ಪನ್ನು ಏನೂ ಮಾಡಲಾಗದು.

ಉಪ್ಪಿನ ಮಾತನ್ನು ಇಲ್ಲಿಯೇ ಪೂರ್ತಿ ಮಾಡುತ್ತೇನೆ, ಏಕೆಂದರೆ ನಿಮ್ಮ ನಿಜವಾದ ತಲೆನೋವು ಅದೇ. ರಿಯಾಕ್ಟಿವ್ ಬಣ್ಣ ನೂಲಿಗೆ ಹಿಡಿಯಲು ಲೀಟರಿಗೆ 40ರಿಂದ 80 ಗ್ರಾಂ ಉಪ್ಪು ಹಾಕುತ್ತೀರಿ; ಅಷ್ಟು ಹಾಕಿದರೂ ನೂರಕ್ಕೆ ಹತ್ತರಿಂದ ನಲವತ್ತು ಪಾಲು ಬಣ್ಣ ಹಿಡಿಯದೆ ನೀರಿನಲ್ಲಿಯೇ ಉಳಿಯುತ್ತದೆ. ಹೊರಬಿಡುವ ನೀರಿನಲ್ಲಿ ಕರಗಿದ ಲವಣಗಳ, ಅಂದರೆ ಟಿಡಿಎಸ್‌ನ, ಮಿತಿ ಲೀಟರಿಗೆ 2,100 ಮಿಲಿಗ್ರಾಂ. ಯಾವ ಫೋಟೊಕೆಟಲಿಸ್ಟ್ ಆಗಲಿ ಒಂದು ಗ್ರಾಂ ಉಪ್ಪನ್ನೂ ಕಡಿಮೆ ಮಾಡದು. ನೀರು ಕುಡಿಯುವಷ್ಟು ತಿಳಿಯಾಗಿ ಕಂಡರೂ, ಕಪ್ಪು ಮಣ್ಣಿನ ಹೊಲಕ್ಕೆ ಅದನ್ನು ಹರಿಸಿದರೆ ಮಣ್ಣು ಗಟ್ಟಿಯಾಗುವುದು ತಪ್ಪದು. ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಮುಚ್ಚಿಸಿದಾಗ ನೊಯ್ಯಲ್ ನದಿಯಲ್ಲಿ ಬಣ್ಣದಷ್ಟೇ ಉಪ್ಪಿನ ಸಂಕಟವೂ ಇತ್ತು. ಆ ಬಳಿಕ ಅಲ್ಲಿ ನೆಲೆಯೂರಿದ್ದು ರಿವರ್ಸ್ ಆಸ್ಮೋಸಿಸ್ ಮತ್ತು ಆವಿಯಾಗಿಸುವ ಯಂತ್ರಗಳು, ಉಪ್ಪನ್ನು ಮರಳಿ ಪಡೆಯುವ ವ್ಯವಸ್ಥೆ.

ಇನ್ನೊಂದು ಎಚ್ಚರಿಕೆ. ಬಣ್ಣ ಹೋಗುವುದಕ್ಕೂ ವಿಷ ಹೋಗುವುದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಅಝೋ ಬಣ್ಣಗಳಲ್ಲಿ ಎರಡು ಸಾರಜನಕ ಪರಮಾಣುಗಳ ನಡುವಿನ ಕೊಂಡಿ ತುಂಡಾದ ಕೂಡಲೇ ಬಣ್ಣ ಮಾಯ. ಆದರೆ ಉಳಿದ ಅರ್ಧಗಳು ಬೆಂಜೀನ್ ಉಂಗುರ ಹೊತ್ತ ಸಂಯುಕ್ತಗಳಾಗಿ ನೀರಿನಲ್ಲಿಯೇ ಇರುತ್ತವೆ, ಕೆಲವು ಬಣ್ಣಗಳಲ್ಲಿ ಅವು ಮೂಲ ಬಣ್ಣಕ್ಕಿಂತ ಕೆಟ್ಟವು. ಅವುಗಳನ್ನು ಪೂರ್ತಿ ಇಂಗಾಲದ ಡೈಆಕ್ಸೈಡಿನವರೆಗೆ ಒಯ್ಯಲು ಬಣ್ಣ ಕೆಡಿಸುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕು ಬೇಕು. ಕಣ್ಣು ಇಲ್ಲಿ ಸರಿಯಾದ ಸಾಕ್ಷಿಯಲ್ಲ. ಸಿಒಡಿ ಮತ್ತು ಒಟ್ಟು ಸಾವಯವ ಇಂಗಾಲದ ಅಳತೆಯೇ ಸಾಕ್ಷಿ.

ಗಸಿ ಬರುವುದಿಲ್ಲ ಎಂಬ ಮಾತೂ ಅರ್ಧ ಸತ್ಯ. ಲೀಟರಿಗೆ ಒಂದು ಗ್ರಾಂ ಪುಡಿ ಎಂದರೆ ನಿಮಗೆ ದಿನಕ್ಕೆ 10 ಕಿಲೋ ಪುಡಿ ನೀರಿನಲ್ಲಿ ಕಲಕಬೇಕು, ಸಂಜೆಗೆ ಅಷ್ಟನ್ನೂ ಮರಳಿ ಹಿಡಿಯಬೇಕು. ಇಪ್ಪತ್ತು ಮೂವತ್ತು ನ್ಯಾನೋಮೀಟರಿನ ಕಣಗಳು ಸುಲಭವಾಗಿ ತಳ ಸೇರುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಸಿಗುವುದಿಲ್ಲ. ಪಟಿಕ ಹಾಕಿ ಇಳಿಸಿದರೆ ಪುಡಿ ಕೆಟ್ಟಿತು, ಗಸಿ ಬಂದಿತು. ಗಾಜು ಅಥವಾ ಹಂಚಿನ ಮೇಲೆ ಲೇಪಿಸಿದರೆ ಹಿಡಿಯುವ ಕಷ್ಟವಿಲ್ಲ, ಆದರೆ ನೀರು ಆ ತೆಳು ಪದರಿಗೆ ತಾಗಿ ತಾಗಿ ಹರಿಯಬೇಕಾದ್ದರಿಂದ ಕೆಲಸ ಇನ್ನೂ ನಿಧಾನ. ಒಣ ಪುಡಿಯನ್ನು ಚೀಲದಿಂದ ಸುರಿಯುವಾಗ ಕೆಲಸಗಾರರು ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳದೆ ಇರಬಾರದು. ಉಸಿರಿನೊಂದಿಗೆ ಒಳಹೋಗುವ ಟೈಟಾನಿಯಂ ಡೈಆಕ್ಸೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್ ತರುವ ಸಾಧ್ಯತೆಯಿರುವ ವಸ್ತುಗಳ ಗುಂಪಿನಲ್ಲಿ ಇರಿಸಿದೆ.

ಕಾಣುವ ಬೆಳಕನ್ನೂ ಬಳಸಬಲ್ಲ ಪುಡಿಗಳು ಇವೆಯಲ್ಲ ಎಂದು ಮಗಳು ಕೇಳಬಹುದು. ಇವೆ. ಬಿಸ್ಮತ್ ವನಡೇಟ್ 2.4, ಇಂಗಾಲದ ನೈಟ್ರೈಡ್ 2.7 ಎಲೆಕ್ಟ್ರಾನ್ ವೋಲ್ಟಿನಲ್ಲಿಯೇ ಕೆಲಸ ಆರಂಭಿಸುತ್ತವೆ. ಸಾರಜನಕ ಬೆರೆಸಿದ ಟೈಟಾನಿಯಂ ಡೈಆಕ್ಸೈಡ್ 2001ರಿಂದ ಚರ್ಚೆಯಲ್ಲಿದೆ. ಹೀರುವ ಬೆಳಕು ಹೆಚ್ಚುತ್ತದೆ ನಿಜ, ಆದರೆ ಒಂದೊಂದು ಜೋಡಿಯ ಉತ್ಕರ್ಷಣ ಶಕ್ತಿ ತಗ್ಗುತ್ತದೆ, ಮರಳಿ ಒಂದಾಗುವ ಚಾಳಿ ಹೋಗುವುದಿಲ್ಲ. ಕ್ಯಾಡ್ಮಿಯಂ ಸಲ್ಫೈಡ್ ಬಿಸಿಲಿನಲ್ಲಿ ತಾನೇ ಕರಗಿ ನೀರಿಗೆ ಕ್ಯಾಡ್ಮಿಯಂ ಬಿಡುತ್ತದೆ. ಅಂಥದ್ದನ್ನು ಯಾರಾದರೂ ತಂದರೆ ಬಾಗಿಲಿನಿಂದಲೇ ಕಳುಹಿಸಿ.

ಹಾಗೆಂದು ಈ ವಿದ್ಯೆಗೆ ಜಾಗವೇ ಇಲ್ಲವೆಂದಲ್ಲ. ಮಾಲಿನ್ಯ ತೀರ ತೆಳುವಾಗಿದ್ದು, ಬೇರೆ ವಿಧಾನಗಳಿಗೆ ಜಗ್ಗದಿದ್ದಾಗ ಅದು ಬೆಲೆಯುಳ್ಳದ್ದು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಆವರಣದಲ್ಲಿ 1990ರ ದಶಕದ ಆರಂಭದಲ್ಲಿ, ಅಂತರ್ಜಲಕ್ಕೆ ಸೇರಿದ್ದ ಟ್ರೈಕ್ಲೋರೋಎಥಿಲೀನನ್ನು ಬಿಸಿಲು ಮತ್ತು ಈ ಪುಡಿಯಿಂದ ಒಡೆಯುವ ಪ್ರಯೋಗ ಬಯಲಿನಲ್ಲಿಯೇ ನಡೆಯಿತು. ಅಲ್ಲಿನ ಮಾಲಿನ್ಯ ನಿಮ್ಮದಕ್ಕಿಂತ ಸಾವಿರಾರು ಪಟ್ಟು ತೆಳು. ಸ್ಪೇನಿನ ಆಲ್ಮೇರಿಯಾದ ಸೌರ ಸಂಶೋಧನಾ ಕೇಂದ್ರದವರು ಕೀಟನಾಶಕ ಬೆರೆತ ನೀರಿನ ಮೇಲೆ ದಶಕಗಟ್ಟಲೆ ದುಡಿದಿದ್ದಾರೆ. ಅವರು ಟೈಟಾನಿಯಂ ಪುಡಿಗಿಂತ ಹೆಚ್ಚಾಗಿ ಕಬ್ಬಿಣದ ಲವಣ, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲು ಮೂರನ್ನೂ ಕೂಡಿಸಿದ ಫೋಟೊ-ಫೆಂಟನ್ ವಿಧಾನದ ಕಡೆಗೆ ವಾಲಿದ್ದು, ಅದನ್ನು ಜೈವಿಕ ತೊಟ್ಟಿಯೊಂದಿಗೆ ಜೋಡಿಸಿದ್ದು ಗಮನಿಸಬೇಕಾದ ಸಂಗತಿ. ತನ್ನನ್ನು ತಾನೇ ಸ್ವಚ್ಛಗೊಳಿಸಿಕೊಳ್ಳುವ ಕಿಟಕಿ ಗಾಜು ಈ ಶತಮಾನದ ಆರಂಭದಿಂದಲೂ ಪೇಟೆಯಲ್ಲಿದೆ; ಗಾಜಿನ ಮೇಲೆ ದಿನಕ್ಕೆ ಕೂರುವ ಜಿಡ್ಡು ಅತ್ಯಲ್ಪವಾದ್ದರಿಂದ ಅಲ್ಲಿ ಬಿಸಿಲು ಸಾಲುತ್ತದೆ.

ನಿಮ್ಮ ಮಾಳಿಗೆಯ ಬಿಸಿಲನ್ನು ಬಳಸಲೇಬೇಕೆಂದಿದ್ದರೆ, ಬೆಳಕಾಗಿ ಬಳಸುವ ಬದಲು ಶಾಖವಾಗಿ ಬಳಸಿ. ಬಣ್ಣದ ತೊಟ್ಟಿಯಿಂದ ಬರುವ ಮೊದಲ ಗಾಢ ನೀರನ್ನು, ಆಮೇಲಿನ ತೊಳೆಯುವ ನೀರಿನೊಂದಿಗೆ ಬೆರೆಸದೆ ಬೇರೆ ಮಾಡಿ. ಬಹುಪಾಲು ಉಪ್ಪು ಇರುವುದು ಆ ಅಲ್ಪ ನೀರಿನಲ್ಲಿಯೇ. ಪ್ಲಾಸ್ಟಿಕ್ ಹಾಸಿದ ತೆಳು ತೊಟ್ಟಿಗಳಲ್ಲಿ ಅದನ್ನು ಹರಡಿದರೆ ಒಣ ತಿಂಗಳುಗಳಲ್ಲಿ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ಆವಿಯಾಗುತ್ತದೆ, ಅಂದರೆ ನಿಮ್ಮ ಮಾಳಿಗೆಯಿಂದ 500 ಲೀಟರಿನಷ್ಟು. ಮಾಳಿಗೆ ಆ ಭಾರ ತಾಳುತ್ತದೆಯೇ ಎಂದು ಎಂಜಿನಿಯರರಿಂದ ತಿಳಿದುಕೊಳ್ಳಿ. ಮಳೆಗಾಲಕ್ಕೆ ಈ ಉಪಾಯ ನಡೆಯದು. ಉಳಿಯುವ ಬಣ್ಣದುಪ್ಪನ್ನು ಅಪಾಯಕಾರಿ ತ್ಯಾಜ್ಯದ ನಿಯಮದಂತೆ ಅಧಿಕೃತ ವಿಲೇವಾರಿದಾರರಿಗೇ ಕೊಡಬೇಕು. ತೊಳೆದ ತೆಳು ನೀರಿಗೆ ಪಿಎಚ್ ಸರಿಪಡಿಸಿ, ಸುಣ್ಣ ಮತ್ತು ಕಬ್ಬಿಣದ ಸಲ್ಫೇಟ್‌ನಿಂದ ಇಳಿಸಿ, ಜೈವಿಕ ತೊಟ್ಟಿಗೆ ಬಿಡುವುದು ಹಳೆಯ ದಾರಿಯಾದರೂ ನಂಬಿಕೆಯ ದಾರಿ. ಆಮೇಲೂ ಉಳಿಯುವ ಎಳೆ ಬಣ್ಣಕ್ಕೆ ಓಝೋನ್ ಹೊಂದುತ್ತದೆ. ಇಷ್ಟನ್ನು ಒಬ್ಬರೇ ನಡೆಸುವುದು ಸಣ್ಣ ಘಟಕಕ್ಕೆ ಭಾರ. ಅಕ್ಕಪಕ್ಕದವರು ಕೂಡಿ ಸಾಮೂಹಿಕ ಶುದ್ಧೀಕರಣ ಘಟಕಕ್ಕಾಗಿ ಒತ್ತಾಯಿಸುವುದು, ಯಾರ ಪುಡಿಯ ಹಿಂದೆ ಹೋಗುವುದಕ್ಕಿಂತಲೂ ಲಾಭಕರ. ಪ್ರಸಂಗಕ್ಕೆ ಹೇಳುವುದಾದರೆ, ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕದವರಿಗೆ ಇಂಡಿಗೊ ನೀರಿನಲ್ಲಿ ಕರಗದ ಬಣ್ಣವಾದ್ದರಿಂದ ಕಲ್ಮಶದ ಬಹುಭಾಗವನ್ನು ಪಟಿಕದಿಂದಲೇ ಇಳಿಸಬಹುದು. ನಿಮ್ಮ ಕರಗುವ ಬಣ್ಣಕ್ಕೆ ಆ ಅನುಕೂಲವಿಲ್ಲ.

ಇಷ್ಟಾದರೂ ಪರೀಕ್ಷಿಸಿ ನೋಡುವ ಮನಸ್ಸಿದ್ದರೆ, ಅವರ ನೀಲಿ ನೀರಿನಲ್ಲಿ ಬೇಡ, ನಿಮ್ಮ ಘಟಕದ ನೀರಿನಲ್ಲಿಯೇ ಮಾಡಿಸಿ. ಮೂರು ಪಾತ್ರೆ ಇಡಿ: ಒಂದರಲ್ಲಿ ಪುಡಿ ಹಾಕಿ ಕತ್ತಲೆಯಲ್ಲಿ, ಒಂದನ್ನು ಪುಡಿಯಿಲ್ಲದೆ ಬಿಸಿಲಿನಲ್ಲಿ, ಒಂದನ್ನು ಪುಡಿ ಹಾಕಿ ಬಿಸಿಲಿನಲ್ಲಿ. ಕತ್ತಲೆಯ ಪಾತ್ರೆಯೂ ತಿಳಿಯಾದರೆ ಬಣ್ಣ ಪುಡಿಗೆ ಅಂಟಿಕೊಂಡಿದೆ ಅಷ್ಟೇ, ಒಡೆದಿಲ್ಲ. ಅದೇ ಪುಡಿಯನ್ನು ಮತ್ತೆ ಮತ್ತೆ ಬಳಸಿ ಹತ್ತನೆಯ ಸಲಕ್ಕೂ ಅದೇ ಫಲ ಸಿಗುತ್ತದೆಯೇ ನೋಡಿ. ಜೊತೆಗೆ ಯಾವುದಾದರೂ ದ್ರವವನ್ನು ಬೆರೆಸುತ್ತಾರೆಯೇ ಎಂದು ಕೇಳಿ. ಅದು ಹೈಡ್ರೋಜನ್ ಪೆರಾಕ್ಸೈಡ್ ಆಗಿದ್ದರೆ ಕೆಲಸ ಮಾಡುತ್ತಿರುವುದು ಹೆಚ್ಚಾಗಿ ಅದೇ, ಮತ್ತು ನಿಮ್ಮ ಏಳೂವರೆ ಕಿಲೋ ಸಿಒಡಿಗೆ ಶೇಕಡಾ 50ರ ಪೆರಾಕ್ಸೈಡ್ ದಿನಕ್ಕೆ 30 ಕಿಲೋಗೂ ಮಿಕ್ಕಿ ಬೇಕಾಗುತ್ತದೆ. ನೀರಿನಲ್ಲಿ ಅದು ಉಳಿದಿದ್ದರೆ ಸಿಒಡಿ ಪರೀಕ್ಷೆಯ ಅಂಕಿಯೂ ತಪ್ಪುತ್ತದೆ ಎಂಬುದನ್ನು ಪ್ರಯೋಗಾಲಯದವರಿಗೆ ಮುಂಚೆಯೇ ತಿಳಿಸಿ. ಮುಂಗಡ ಕೊಡುವ ಮಾತು ಬಂದಾಗ, ಪೂರ್ಣ ಪ್ರಮಾಣದ ತೊಟ್ಟಿಯಿಂದ ಹೊರಬಂದ ನೀರಿನ ಸಿಒಡಿ ಮತ್ತು ಟಿಡಿಎಸ್ ಎರಡೂ ಮೂರು ತಿಂಗಳು ಮಿತಿಯೊಳಗಿವೆ ಎಂದು ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಬಂದ ಮೇಲೆಯೇ ಹಣ ಎಂಬ ಷರತ್ತನ್ನು ಬರವಣಿಗೆಯಲ್ಲಿ ಕೇಳಿ.